ಶಕುನಿ ಗೌಡರ ಸೊಸೆ

ಮಾವ ತೀರಿಕೊಂಡ ಮೇಲೆ ನಮಗೆ ಎದುರಾದ ಮೊದಲ ತೊಂದರೆ ಫೋಟೋದ್ದು. ಹನ್ನೊಂದನೇ ದಿನದ ಕಾರ್ಯದ ಕಾರ್ಡಿಗೆ ಒಂದು, ಊರ ಮುಂದೆ ಕಟ್ಟುವ ಫ್ಲೆಕ್ಸಿಗೆ ಒಂದು, ಗಂಭೀರವಾಗಿ ಕಾಣುವ ಭಾವಚಿತ್ರ ಬೇಕಿತ್ತು. ಮನೆಯಲ್ಲಿದ್ದ ಮೊಬೈಲುಗಳನ್ನೆಲ್ಲ ಜಾಲಾಡಿದೆವು. ಒಂದರಲ್ಲಿ ಮೊಮ್ಮಗಳ ಗುಲಾಬಿ ಹೇರ್‌ಬ್ಯಾಂಡ್ ಹಾಕಿಕೊಂಡು ಕುಳಿತಿದ್ದಾರೆ. ಇನ್ನೊಂದರಲ್ಲಿ ಬೀಗರೂಟದ ಪಂಕ್ತಿಯಲ್ಲಿ ಪಕ್ಕದವರ ಎಲೆಯಿಂದ ಮೂಳೆ ಕದಿಯುತ್ತಿದ್ದಾರೆ. ನಮ್ಮ ಮದುವೆಯ ಆಲ್ಬಂ ತೆಗೆದರೆ, ಎಲ್ಲರೂ ಕ್ಯಾಮೆರಾ ನೋಡುತ್ತಿರುವಾಗ ಇವರೊಬ್ಬರು ಫೋಟೋ ತೆಗೆಯುವವನನ್ನು ನಗಿಸಿದ್ದಾರೆ. ಅವನ ಕೈ ಅಲುಗಿ ನಾವೆಲ್ಲ ಮಸುಕಾಗಿದ್ದೇವೆ. ಉಳಿದವು ನಾಟಕದ ವೇಷದವು. ಕಿರೀಟ, ತಿರುಚಿದ ಮೀಸೆ, ಕಿರಿದು ಮಾಡಿಕೊಂಡ ಒಂದು ಕಣ್ಣು.

ಗಂಭೀರವಾಗಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನು ದೊಡ್ಡದು ಮಾಡಿಸಿ ತಂದಾಗ ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ಯಾರ ಮನೆಯವರು?" ಎಂದರು. ಕೊನೆಗೆ ಹೇರ್‌ಬ್ಯಾಂಡಿನ ಫೋಟೋವನ್ನೇ ಕೊಟ್ಟು, ಹೇರ್‌ಬ್ಯಾಂಡ್ ಅಳಿಸಿಕೊಡುವಂತೆ ಅಂಗಡಿಯ ಹುಡುಗನಿಗೆ ಹೇಳಿದೆವು. ಫ್ಲೆಕ್ಸಿನಲ್ಲಿ 'ಮತ್ತೆ ಹುಟ್ಟಿ ಬನ್ನಿ' ಎಂಬ ದಪ್ಪ ಅಕ್ಷರಗಳ ಕೆಳಗೆ ಮಾವ ಬಾಯಿತುಂಬ ನಗುತ್ತಿದ್ದರು. ಎಡಗಿವಿಯ ಹಿಂದೆ ಚೂರು ಗುಲಾಬಿ ಬಣ್ಣ ಹಾಗೆಯೇ ಉಳಿದಿತ್ತು.

ಅವರು ಹೋದದ್ದು 2024ರ ಕಾರ್ತಿಕದಲ್ಲಿ, 74ರ ವಯಸ್ಸಿಗೆ. ಏನಾಯಿತು, ಯಾವ ಆಸ್ಪತ್ರೆಗೆ ಸೇರಿಸಿದ್ದೆವು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮಾತನಾಡಿಸಲು ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಆ ಕೊನೆಯ ವಾರದ ಕಥೆಯಲ್ಲಿ ಮಾವ ಇದ್ದದ್ದೂ ಕಡಿಮೆ.

ನಮ್ಮೂರು ಇರುವುದು ತಿಪಟೂರು ತಾಲ್ಲೂಕಿನಲ್ಲಿ, ನೊಣವಿನಕೆರೆಯ ಮಗ್ಗುಲಿಗೆ. ಸುತ್ತ ಎತ್ತ ನೋಡಿದರೂ ತೆಂಗು. ಇಲ್ಲಿಯವರಿಗೆ ಕಾಯಿಗಿಂತ ಕೊಬ್ಬರಿಯೇ ಬದುಕು. ಕಿತ್ತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಒಳಗೆ ಗಟಗಟ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಸೀಳದಂತೆ ಹೊರತೆಗೆದು, ಗೋಣಿಚೀಲಕ್ಕೆ ತುಂಬಿ ತಿಪಟೂರಿನ ಎಪಿಎಂಸಿಗೆ ಒಯ್ಯುತ್ತಾರೆ. ಅಲ್ಲಿ ಹರಾಜಾದ ಉಂಡೆ ಕೊಬ್ಬರಿ ಹೆಚ್ಚಾಗಿ ಉತ್ತರ ಭಾರತಕ್ಕೆ ಲಾರಿ ಹತ್ತುತ್ತದೆ. "ನಮ್ಮ ಮನೆಯ ಕೊಬ್ಬರಿ ದೆಹಲಿಯ ಎಷ್ಟು ಮದುವೆ ನೋಡಿದೆಯೋ! ನಮ್ಮನ್ನು ಮಾತ್ರ ಒಬ್ಬರೂ ಕರೆದಿಲ್ಲ" ಎಂದು ಮಾವ ಪ್ರತಿ ಹರಾಜಿನ ದಿನವೂ ದೂರುತ್ತಿದ್ದರು.

ಕಾಯಿ ಮಾಗಿದೆಯೇ ಎಂದು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡುವ ಅಭ್ಯಾಸ ಅವರಿಗೆ ಮನುಷ್ಯರ ಮೇಲೂ ಇತ್ತು. ನನ್ನ ಮಗ ಗಣಿತದಲ್ಲಿ ಕಡಿಮೆ ಅಂಕ ತೆಗೆದು, ನನಗೆ ಹೆದರಿ, ಅಂಕಪಟ್ಟಿಯನ್ನು ಮೊದಲು ತಾತನ ಕೈಗೆ ಕೊಟ್ಟ. (ನಾನು ತುಮಕೂರಿನಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಅವನ ಹೆದರಿಕೆಗೆ ಕಾರಣವಿತ್ತು.) ಮಾವ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು, ಮೆಲ್ಲಗೆ ಅಲುಗಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಆಲಿಸಿ, "ನೀರು ಇನ್ನೂ ಇಂಗಿಲ್ಲ. ಆರು ತಿಂಗಳು ಅಟ್ಟದಲ್ಲಿರಲಿ" ಎಂದು ತೀರ್ಪು ಕೊಟ್ಟರು. ನಾನು ಬೈಯಲು ತಯಾರಾಗಿ ನಿಂತಿದ್ದವಳು ನಕ್ಕುಬಿಟ್ಟೆ. ನಕ್ಕ ಮೇಲೆ ಬೈಯುವುದು ಹೇಗೆ?

ನಾನು ಈ ಮನೆಗೆ ಬಂದದ್ದು 2006ರಲ್ಲಿ, ಚಿಂತಾಮಣಿಯಿಂದ. ನಮ್ಮದು ಶಾಲೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು ಆಡುವ ಮನೆ. ಅಪ್ಪ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು; ಮಾತೆಂದರೆ ಸೀಮೆಎಣ್ಣೆಯ ಕಾಲದಲ್ಲಿ ಸೀಮೆಎಣ್ಣೆ ಖರ್ಚು ಮಾಡುತ್ತಿದ್ದ ಹಾಗೆ, ಅಳೆದು ಸುರಿಯುತ್ತಿದ್ದರು. ಹೆಣ್ಣು ನೋಡಲು ಬರುವವರು ಬೆಳಿಗ್ಗೆ ಹತ್ತಕ್ಕೆ ಎಂದಿದ್ದರು. ಹನ್ನೆರಡೂವರೆಯಾದರೂ ಪತ್ತೆಯಿಲ್ಲ. ಅಮ್ಮ ಕೇಸರಿಬಾತನ್ನು ಬಿಸಿ ಮಾಡಿ ಮಾಡಿ ತಳ ಹಿಡಿಸಿದ್ದಳು. ಒಂದು ಗಂಟೆಗೆ ವ್ಯಾನ್ ಬಂದು ನಿಂತಿತು. ಮುಂದೆ ಇಳಿದ ಹಿರಿಯರ ಕೈಯಲ್ಲಿ ಬಾಳೆಎಲೆ ಸುತ್ತಿದ ದೊಡ್ಡ ಪೊಟ್ಟಣ. ತಡವಾದದ್ದೇಕೆ ಎಂದು ಅಪ್ಪ ಕೇಳುವ ಮೊದಲೇ ಅವರು, "ತಪ್ಪು ಕ್ಯಾತ್ಸಂದ್ರದ್ದು, ನಮ್ಮದಲ್ಲ" ಎಂದರು. ದಾರಿಯಲ್ಲಿ ತಟ್ಟೆ ಇಡ್ಲಿಗೆ ವ್ಯಾನ್ ನಿಲ್ಲಿಸಿದ್ದಾರೆ. ಇವರು ತಿಂದದ್ದಲ್ಲದೆ, ಹೆಣ್ಣಿನ ಮನೆಯವರೂ ತಿನ್ನಲಿ ಎಂದು ಮುಂದಿನ ಒಬ್ಬೆ ಬೇಯುವವರೆಗೆ ಕಾದು ಕಟ್ಟಿಸಿಕೊಂಡು ಬಂದಿದ್ದಾರೆ.

ಹೆಣ್ಣು ನೋಡಲು ಬರುವವರು ಹೂವು ಹಣ್ಣು ತರುತ್ತಾರೆ. ಇಡ್ಲಿ ತಂದವರನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ತಣ್ಣಗಾದ ತಟ್ಟೆ ಇಡ್ಲಿಯನ್ನು ಅಪ್ಪ ಎರಡು ತಿಂದರು, ಮತ್ತು ನಕ್ಕರು. ಅಪ್ಪ ನಕ್ಕದ್ದನ್ನು ಕಂಡು ಅಮ್ಮ ಒಳಗೆ ಬಂದು ನನಗೆ, "ಹುಡುಗನನ್ನು ನೀನು ನೋಡಿಕೋ. ಮನೆ ಆಗಬಹುದು" ಎಂದಳು.

ಹುಡುಗ ತನ್ನ ಅಪ್ಪನಿಗೆ ಪೂರಾ ವಿರುದ್ಧ. ನನ್ನ ಗಂಡ ದಿನಕ್ಕೆ ಆಡುವ ಮಾತನ್ನು ಮಾವ ಒಂದು ಲೋಟ ಕಾಫಿ ಆರುವುದರೊಳಗೆ ಆಡುತ್ತಿದ್ದರು. ನಾಮಕರಣವನ್ನೂ ಮಾವನೇ ಮಾಡಿದರು: ಮದುವೆಯ ಮಾರನೇ ದಿನದಿಂದ ನಾನು 'ಚಿಂತಾಮಣಿ'. "ಏನಮ್ಮಾ ಚಿಂತಾಮಣಿ, ಕಾಫಿಯಲ್ಲಿ ಸಕ್ಕರೆ ನಿಮ್ಮೂರಿನಲ್ಲೇ ಬಿಟ್ಟು ಬಂದೆಯಾ?" ನನ್ನ ಹೆಸರು ಅವರಿಗೆ ಗೊತ್ತಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ. ನನ್ನ ಅಮ್ಮ ಬಂದಾಗ ಅವರಿಗೆ ಗೊತ್ತಿದ್ದ ಒಂದೇ ತೆಲುಗು ಮಾತು, 'ಬಾಗುನ್ನಾರಾ', ಎಂದರೆ ಚೆನ್ನಾಗಿದ್ದೀರಾ. ಅದನ್ನು ಅಮ್ಮನಿಗೂ ಕೇಳಿದರು, ಸಾರಿಗೂ ಹೇಳಿದರು, ಹಟ್ಟಿಯಲ್ಲಿ ಅಮ್ಮ ಎಮ್ಮೆ ನೋಡುತ್ತಿದ್ದಾಗ ಎಮ್ಮೆಯ ಪರವಾಗಿಯೂ ಅಂದರು.

ಊರು ಅವರನ್ನು ಕರೆಯುತ್ತಿದ್ದದ್ದು ಶಕುನಿ ಗೌಡರು ಎಂದು. ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆಯ ಹಳ್ಳಿ ನಾಟಕದಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ಕೊಳ್ಳುತ್ತಾನೆ. ಸುಗ್ಗಿ ಮುಗಿದ ಮೇಲೆ ಊರಿನವರು ಸೇರಿ ಕುರುಕ್ಷೇತ್ರ ಆಡೋಣ ಎಂದು ಗೊತ್ತು ಮಾಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಶಾಲೆಯ ಜಗುಲಿಯಲ್ಲಿ ರಾತ್ರಿ ತಾಲೀಮು ಶುರುವಾಗುತ್ತದೆ. ಮೇಷ್ಟ್ರ ಸಂಭಾವನೆ, ಸೀನರಿ, ವೇಷಭೂಷಣದ ಬಾಡಿಗೆ, ದ್ರೌಪದಿ ಕುಂತಿಯರ ಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಯರ ಖರ್ಚು ಎಲ್ಲವೂ ಪಾತ್ರಗಳ ಮೇಲೆ ಹಂಚಿಕೆಯಾಗುತ್ತದೆ. ದುರ್ಯೋಧನ ಎಲ್ಲರಿಗಿಂತ ದುಬಾರಿ. ಹಾಡು ಹೆಚ್ಚು, ಪ್ರವೇಶಕ್ಕೆ ಪಟಾಕಿ, ನೆಂಟರು ತರುವ ಹಾರಗಳ ರಾಶಿ. ಕೃಷ್ಣ, ಭೀಮ, ಕರ್ಣರು ಆಮೇಲೆ. ಶಕುನಿ ಅಗ್ಗ. ಮಾವನಿಗೂ ಶ್ರುತಿಗೂ ಹೊಂದಿಕೆಯಿರಲಿಲ್ಲವಾದ್ದರಿಂದ ಮೇಷ್ಟ್ರೇ, "ಗೌಡರೇ, ನೀವು ಕಂದ ಹಾಡಬೇಡಿ, ಮಾತಿನಲ್ಲೇ ಹೇಳಿಬಿಡಿ" ಎಂದು ಕೈಮುಗಿದಿದ್ದರಂತೆ.

ಹೀಗೆ ಸಿಕ್ಕ ಪಾತ್ರವನ್ನು ಮಾವ ಜೀವನಪೂರ್ತಿ ಬಿಡಲಿಲ್ಲ. ಒಂದು ವರ್ಷ ಕೊಬ್ಬರಿಗೆ ಒಳ್ಳೆಯ ದರ ಸಿಕ್ಕಾಗ ಈ ಸಲ ದುರ್ಯೋಧನ ತೆಗೆದುಕೊಳ್ಳಿ ಎಂದು ಗೆಳೆಯರು ಒತ್ತಾಯಿಸಿದರು. "ದುರ್ಯೋಧನ ಸಾಯುವವರೆಗೆ ಕೂಗಬೇಕು. ಶಕುನಿ ಕುಳಿತಲ್ಲೇ ಕೆಲಸ ಮುಗಿಸುತ್ತಾನೆ" ಎಂದು ಜಾರಿಕೊಂಡರು.

ನಾನು ನೋಡಿದ ಮೊದಲ ನಾಟಕದಲ್ಲಿ ಸಂಧಾನದ ದೃಶ್ಯ. ಕೃಷ್ಣ ಐದು ಊರು ಕೇಳುತ್ತಿದ್ದಾನೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಕೆಮ್ಮಿತು, ನಿಂತಿತು. ಹಾರ್ಮೋನಿಯಂ ಮೇಷ್ಟ್ರು ಬೈಯುತ್ತಿರುವುದು ಮೈಕಿಲ್ಲದೆಯೇ ಎಲ್ಲರಿಗೂ ಕೇಳಿಸುತ್ತಿದೆ. ಜನ ಎದ್ದು ಹೊರಡುವ ಹವಣಿಕೆಯಲ್ಲಿದ್ದಾಗ ಯಾರೋ ಒಂದು ಟಾರ್ಚನ್ನು ರಂಗದತ್ತ ತಿರುಗಿಸಿದರು. ಬೆಳಕಿನಲ್ಲಿ ಮಾವ. ಕುಳಿತಿದ್ದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ದುರ್ಯೋಧನನ ಕಿವಿಯಲ್ಲಿ, ಆದರೆ ಊರಿಗೆಲ್ಲ ಕೇಳುವಂತೆ ಶುರು ಮಾಡಿದರು: "ಅಳಿಯಾ, ಐದು ಊರು ತಾನೇ, ಯೋಚಿಸಿ ಕೊಡು. ಹೊನ್ನವಳ್ಳಿ ಕೊಡು, ಅಡ್ಡಿಯಿಲ್ಲ, ಆ ಜನ ಸಾಲ ತೀರಿಸುವುದಿಲ್ಲ. ಕಿಬ್ಬನಹಳ್ಳಿ ಕೊಡು, ಆದರೆ ಕ್ರಾಸನ್ನು ಮಾತ್ರ ನಾವೇ ಇಟ್ಟುಕೊಳ್ಳೋಣ, ಬಸ್ಸು ಹತ್ತಲು ಬೇಕಾಗುತ್ತದೆ. ತಿಪಟೂರು ಕೇಳಿದರೆ ಪ್ರಾಣ ಹೋದರೂ ಕೊಡಬೇಡ. ಕೊಬ್ಬರಿ ದರ ಏರುತ್ತದೆ ಎಂದು ನನ್ನ ದಾಳ ಹೇಳುತ್ತಿದೆ." ಹೊನ್ನವಳ್ಳಿಯಿಂದ ಬಂದಿದ್ದವರು ಶಿಳ್ಳೆ ಹಾಕಿ ಎದ್ದು ನಿಂತರು. ಕೃಷ್ಣನ ಪಾತ್ರಧಾರಿ ಕಿರೀಟ ಹಿಡಿದುಕೊಂಡು ನಗುತ್ತಿದ್ದ. ಜನರೇಟರ್ ಸರಿಹೋದ ಮೇಲೂ ಜನ ಮಾವನನ್ನು ಬಿಡಲಿಲ್ಲ.

ತುಮಕೂರಿನಿಂದ ರೈಲಿನಲ್ಲಿ ಊರಿಗೆ ಹೋಗುವಾಗ ಗುಬ್ಬಿ ನಿಲ್ದಾಣ ಬಂದರೆ ಮೊಮ್ಮಕ್ಕಳನ್ನು ಎಬ್ಬಿಸಿ ಕಿಟಕಿಯಿಂದ ಕೈಮುಗಿಸುತ್ತಿದ್ದರು. ಗುಬ್ಬಿ ವೀರಣ್ಣನವರ ಊರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ನಾಡಿಗೆಲ್ಲ ಹೆಸರು ಮಾಡಿದವರು, ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದವರು. "ಅಂಥವರು ಹೆಸರು ಗಳಿಸಿದ್ದು ಯಾವುದರಿಂದ? ಹಾಸ್ಯಪಾತ್ರದಿಂದ!" ಎಂದು ಎದುರು ಸೀಟಿನ ಅಪರಿಚಿತರಿಗೆ ಪಾಠ ಹೇಳುತ್ತಿದ್ದರು. ಅವರು ಹೌದೆಂದು ತಲೆಯಾಡಿಸಿದರೆ ಸಾಕು, ತಿಪಟೂರು ಬರುವುದರೊಳಗೆ ಅವರ ಊರು, ಮಕ್ಕಳು, ಜಮೀನಿನ ವ್ಯಾಜ್ಯ ಎಲ್ಲ ಗೊತ್ತಾಗಿರುತ್ತಿತ್ತು. ಒಮ್ಮೆ ಹಾಗೆ ಪರಿಚಯವಾದವರನ್ನು ಊಟಕ್ಕೆಂದು ನೇರ ಮನೆಗೇ ಕರೆತಂದಿದ್ದರು.

ಇಲ್ಲಿ ಅತ್ತೆಯ ಮಾತು ಬರಬೇಕು. ಇಲ್ಲದಿದ್ದರೆ ಇದು ಫ್ಲೆಕ್ಸಿನ ಬರಹವಾಗುತ್ತದೆ. ಮಾವನ ಔದಾರ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಅತ್ತೆಯ ರಟ್ಟೆಯಿಂದ ಖರ್ಚಾಗುತ್ತಿತ್ತು. ತಾಲೀಮು ಮುಗಿದು ನಡುರಾತ್ರಿಯಲ್ಲಿ ಭೀಮಾರ್ಜುನರನ್ನೆಲ್ಲ ಜೊತೆಗೆ ಕರೆತಂದು, ಪಡಸಾಲೆಯಿಂದಲೇ "ಏನಾದರೂ ಇದೆಯೇನೇ?" ಎನ್ನುವರು. ಏನೂ ಇರುತ್ತಿರಲಿಲ್ಲ. ಅತ್ತೆ ಎದ್ದು ಒಲೆ ಹಚ್ಚಿ ಮುದ್ದೆಗೆ ನೀರಿಡುವರು. ಹೊಸತೊಡಕಿನ ದಿನ ಮಾಂಸದ ಊಟಕ್ಕೆ ಎಷ್ಟು ಜನ ಎಂದು ಕೇಳಿದರೆ ಮಾವ, "ನಾವು ನಾವೇ" ಎನ್ನುತ್ತಿದ್ದರು. ಆ 'ನಾವು' ಎಂಬುದರ ಗಡಿ ಹಾಲಿನ ಡೇರಿಯವರೆಗೂ ಹೋಗುತ್ತಿತ್ತು. "ಅವರು ನಗಿಸುತ್ತಾರೆ, ನಾನು ಪಾತ್ರೆ ತೊಳೆಯುತ್ತೇನೆ. ಇಬ್ಬರ ಕೈಯೂ ಖಾಲಿಯಿಲ್ಲ" ಎಂದು ಅತ್ತೆ ಒಮ್ಮೆ ಹೇಳಿದರು. ಹೇಳುವಾಗ ನಗುತ್ತಿರಲಿಲ್ಲ.

ಹಾಗೆಂದು ಮಾವನಿಗೆ ಅದು ತಿಳಿಯುತ್ತಿರಲಿಲ್ಲ ಎನ್ನಲಾರೆ. ಮದುವೆಯಾದ ಹೊಸತರಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ನಾನು ಹಿತ್ತಲಿಗೆ ಹೋದಾಗ ಕೊಟ್ಟಿಗೆಯಲ್ಲಿ ಯಾರೋ ಮಾತನಾಡುವುದು ಕೇಳಿಸಿತು. ಮಾವ ಎಮ್ಮೆಯ ಮುಂದೆ ನಿಂತಿದ್ದಾರೆ. "ನೋಡು, ಕೋಪ ಮಾಡಿಕೊಳ್ಳಬಾರದು. ಸೋದರತ್ತೆಯ ಮಗ ಬಂದು ಕಾಲು ಹಿಡಿದ. ಇಲ್ಲ ಎನ್ನಲಾಗಲಿಲ್ಲ." ಸ್ವಲ್ಪ ತಡೆದು, ತಲೆಯಾಡಿಸಿ, ಅದನ್ನೇ ಇನ್ನಷ್ಟು ಮೆಲ್ಲಗೆ ಹೇಳಿದರು. ಅದೂ ಹಿಡಿಸಲಿಲ್ಲ. ಮೂರನೇ ಸಲ, "ಮಹಾರಾಣಿ, ಹಸ್ತಿನಾವತಿಯ ಬೊಕ್ಕಸದಿಂದ ಒಂದು ಟ್ರ್ಯಾಕ್ಟರ್ ಹೊರಟುಹೋಗಿದೆ" ಎಂದು ಎಮ್ಮೆಗೆ ಬಗ್ಗಿ ಕೈಮುಗಿದರು. ಎಮ್ಮೆ ಮೆಲುಕು ಹಾಕುತ್ತಿತ್ತು. ಇದು ಸರಿ ಎಂಬಂತೆ ಮಾವ ಪಂಚೆ ಕೊಡವಿಕೊಂಡು ಹೊರಗೆ ಬಂದರು.

ರೊಟ್ಟಿ ತಿನ್ನುವಾಗ ಅತ್ತೆಯ ಮುಂದೆ ಅದೇ ಮಾತು, ಅದೇ ಕೈಮುಗಿತ. ನೆಂಟನ ಟ್ರ್ಯಾಕ್ಟರ್ ಸಾಲಕ್ಕೆ ಇವರು ಜಾಮೀನು ಹಾಕಿ ಬಂದಿದ್ದರು. ಅತ್ತೆಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು, ಆಮೇಲೆ ಸೌಟು ನೆಲಕ್ಕೆ ಬಿತ್ತು. ಆದರೆ ನಗು ಮೊದಲು ಬಂದುಬಿಟ್ಟಿತ್ತಲ್ಲ, ಜಗಳ ಅದರಿಂದಾಚೆಗೆ ಬಲವಾಗಿ ಬೆಳೆಯಲಿಲ್ಲ. ನಗಿಸಿದ್ದರಿಂದ ಸಾಲವೇನೂ ಕರಗಲಿಲ್ಲ. ಆ ನೆಂಟ ಕೈಕೊಟ್ಟಾಗ ಕೆಲವು ಕಂತುಗಳನ್ನು ನಮ್ಮ ಮನೆಯವರೇ ಕಟ್ಟಬೇಕಾಯಿತು.

ನನಗೆ ತಡೆಯಲಾಗದೆ ಮಾವನನ್ನು ಕೇಳಿಯೇಬಿಟ್ಟೆ. ಕದ್ದು ಕೇಳಿದಳು ಎಂದು ಅವರು ಬೇಸರಿಸಿಕೊಳ್ಳಲಿಲ್ಲ. "ಬಾಯಿಪಾಠ ಇಲ್ಲದೆ ರಂಗಕ್ಕೆ ಹೋದರೆ ಪರದೆ ಎಳೆಯುವವನೂ ನಗುತ್ತಾನೆ, ಚಿಂತಾಮಣಿ. ನಿಮ್ಮತ್ತೆಯ ಮುಂದೆ ಹೋಗುವುದು ಅದಕ್ಕಿಂತ ಕಷ್ಟ. ಎಮ್ಮೆಯ ಹತ್ತಿರ ಒಂದು ಸಲ ಹೇಳಿಕೊಂಡು ಹೋದರೆ ಧೈರ್ಯ."

ಅಂದಿನಿಂದ ನಾನು ಗಮನಿಸತೊಡಗಿದೆ. ತೋಟದಲ್ಲಿ ತೆಂಗಿನ ಸಾಲಿನ ನಡುವೆ ಮಾವ ಒಬ್ಬರೇ ತುಟಿ ಅಲುಗಿಸುತ್ತ ಅಡ್ಡಾಡುತ್ತಿದ್ದರೆ, ಊರಿನವರು ಶಕುನಿಯ ಮಾತು ನೆನೆಸಿಕೊಳ್ಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಎಷ್ಟೋ ಸಲ ಅದು ಶಕುನಿಯ ಮಾತಾಗಿರಲಿಲ್ಲ. ತವರಿಗೆ ಬಂದು ಕುಳಿತ ನನ್ನ ನಾದಿನಿಯನ್ನು ಗಂಡನ ಮನೆಗೆ ಕರೆದೊಯ್ಯಲು ಅಳಿಯ ಬರುವ ದಿನ, ಭಾಗದ ವಿಷಯಕ್ಕೆ ಚಿಕ್ಕಮಾವ ಬರುವ ದಿನ, ಮಾವ ಬೆಳಿಗ್ಗೆಯೇ ತೋಟಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಊಟದ ಹೊತ್ತಿಗೆ ಅವರ ಬಾಯಿಂದ ಥಟ್ಟನೆ ಬಂತು ಎಂದು ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದ ಮಾತು, ಬೆಳಿಗ್ಗೆ ಮರಗಳ ಮುಂದೆ ಎಷ್ಟು ಸಲ ತಿದ್ದಿಸಿಕೊಂಡಿತ್ತೋ. ಹುಟ್ಟಾ ತಮಾಷೆಯ ಮನುಷ್ಯ ಎಂದು ಊರು ಹೇಳುತ್ತದೆ. ನಾನು ಒಪ್ಪುವುದಿಲ್ಲ. ದುಡಿದು ತಮಾಷೆ ಮಾಡಿದವರು.

2014ರಲ್ಲಿ ನನ್ನ ಅಪ್ಪ ಹೋದರು. ನಾನು ಮೊದಲೇ ಚಿಂತಾಮಣಿಗೆ ಹೋಗಿದ್ದೆ. ಮಾವ ಮಾರನೇ ದಿನ ಬಂದರು. ಬಂದವರು ನನ್ನನ್ನೂ ಮಾತನಾಡಿಸದೆ ಸೀದಾ ಅಮ್ಮನ ಮುಂದೆ ಹೋಗಿ ಚಾಪೆಯ ಮೇಲೆ ಕುಳಿತರು. 'ಬಾಗುನ್ನಾರಾ' ಎಂದುಬಿಡುತ್ತಾರೇನೋ ಎಂದು ನನಗೆ ಎದೆ ಡವಗುಟ್ಟಿತು. ಅವರು ನಿಧಾನವಾಗಿ, "ಅಮ್ಮಾ, ಆಯನ ಶಾನಾ ಮಂಚಿ ಮನಿಷಿ" ಎಂದರು, ಅವರು ತುಂಬಾ ಒಳ್ಳೆಯ ಮನುಷ್ಯ ಎಂದು. ಆಮೇಲೆ ಅದೇ ತೆಲುಗಿನಲ್ಲಿ ಇಡ್ಲಿಯ ಕಥೆ ಹೇಳಿದರು. ನನ್ನನ್ನು ನೋಡಲು ಬಂದ ದಿನ ತಣ್ಣನೆಯ ಇಡ್ಲಿಯನ್ನು ಅಪ್ಪ ಹೇಗೆ ತಿಂದರು, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು, ಹೊರಡುವಾಗ ವ್ಯಾನಿನ ಬಾಗಿಲ ಹತ್ತಿರ ಬಂದು, "ಮುಂದಿನ ಸಲ ಚಟ್ನಿಯನ್ನೂ ತನ್ನಿ" ಎಂದರು ಎಂದು. ಆ ಚಟ್ನಿಯ ಮಾತು ನಮಗಾರಿಗೂ ಗೊತ್ತಿರಲಿಲ್ಲ. ಎರಡು ದಿನದಿಂದ ಕಲ್ಲಿನಂತೆ ಕುಳಿತಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಇರಬೇಕು.

ತೆಲುಗು ಎಲ್ಲಿ ಕಲಿತರು? ತಿಪಟೂರಿನ ಮಂಡಿಗೆ ಬಂದಿದ್ದ ಒಬ್ಬ ಆಂಧ್ರದ ಲಾರಿ ಚಾಲಕರನ್ನು ಹಿಡಿದು, ಚಹಾ ಕೊಡಿಸಿ, ಒಂದೊಂದೇ ವಾಕ್ಯ ಕೇಳಿ ಬರೆದುಕೊಂಡಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದರು ಎಂದು ನನ್ನ ಗಂಡ ಆಮೇಲೆ ಹೇಳಿದರು. ಪಕ್ಕದಲ್ಲಿ ಕುಳಿತವರು ಎದ್ದು ಬೇರೆ ಸೀಟಿಗೆ ಹೋದರಂತೆ.

ನಗಿಸದೆ ಇದ್ದ ಒಂದು 'ಮಾವ' ನನಗೆ ನೆನಪಿದೆ. ಚಿಕ್ಕವರಿದ್ದಾಗ ಅವರು ಸಿದ್ಧಗಂಗಾ ಮಠದಲ್ಲಿದ್ದು ಓದಿದವರು. ಓದು ಹತ್ತಲಿಲ್ಲ, ಅದು ಬೇರೆ. ಸಾಲಾಗಿ ಕುಳಿತ ಹುಡುಗರು, ಸಂಜೆಯ ಸಾಮೂಹಿಕ ಪ್ರಾರ್ಥನೆ, ಪ್ರಸಾದದ ಮುದ್ದೆ ಇವನ್ನೆಲ್ಲ ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಮಾವ ಮಠಕ್ಕೆ ಹೋದರು. ಲಕ್ಷಾಂತರ ಜನರ ಸಾಲು. ಇವರು ಸಾಲಿನಲ್ಲಿ ನಿಂತು ಒಳಗೆ ಹೋಗಲೇ ಇಲ್ಲ. ಬಂದವರಿಗೆ ಊಟ ಬಡಿಸುವ ಕಡೆ ಸೇರಿಕೊಂಡು, ರಾತ್ರಿಯಿಡೀ ಬಡಿಸಿ, ನಮ್ಮ ತುಮಕೂರಿನ ಮನೆಗೆ ಬಂದು ಮಾತಿಲ್ಲದೆ ಮಲಗಿದರು. ದರ್ಶನ ಆಯಿತೇ ಎಂದು ಕೇಳಿದರೆ, "ಅವರು ಇದ್ದಿದ್ದರೂ ಬಡಿಸಲು ಹೋಗು ಎನ್ನುತ್ತಿದ್ದರು" ಎಂದಷ್ಟೇ ಹೇಳಿದರು.

2023ರಲ್ಲಿ ಕೊಬ್ಬರಿ ನೆಲ ಕಚ್ಚಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಇಳಿದಿತ್ತು. ಕೂಲಿ, ಗೊಬ್ಬರ, ಸುಲಿಯುವ ಖರ್ಚು ಕಳೆದರೆ ಉಳಿಯುವುದು ಚಿಪ್ಪು. ಮರುವರ್ಷ ಬೆಂಬಲ ಬೆಲೆ 12,000 ಆಯಿತು, ನೋಂದಣಿಗೆ ಜನ ರಾತ್ರಿಯಿಂದಲೇ ಸಾಲು ಹಚ್ಚಿದರು. ಮಾವ ಕಂಬಳಿ, ಫ್ಲಾಸ್ಕು, ಪಹಣಿ, ಆಧಾರ್ ಎಲ್ಲ ಕಟ್ಟಿಕೊಂಡು ಹೊರಟರು. ಈ ವಯಸ್ಸಿಗೆ ಬೇಡ, ನಾನು ಹೋಗುತ್ತೇನೆ ಎಂದ ಮಗನಿಗೆ, "ನಿನ್ನನ್ನು ಕಳಿಸಿದರೆ ಬೆಳಗಿನವರೆಗೆ ಸಾಲಿನಲ್ಲಿ ಮೌನವ್ರತ. ಜನಕ್ಕೆ ದರ ಬಿದ್ದ ದುಃಖ ಸಾಲದೇ?" ಎಂದರು. ನಮ್ಮ ಸೀಮೆಯಲ್ಲಿ ಯಾವ ಸಾಲಿನಲ್ಲಿ ನಿಂತರೂ ಒಂದಿಷ್ಟು ಪಾತ್ರಧಾರಿಗಳು ಇದ್ದೇ ಇರುತ್ತಾರೆ. ಬೆಳಗಾಗುವಷ್ಟರಲ್ಲಿ ಒಬ್ಬ ದುರ್ಯೋಧನ, ಇಬ್ಬರು ಭೀಮರು, ಹಲ್ಲಿಲ್ಲದ ಒಬ್ಬ ಅಭಿಮನ್ಯು ಸಿಕ್ಕಿ, ಸಂಧಾನದ ದೃಶ್ಯ ಕಂಬಳಿ ಹೊದ್ದುಕೊಂಡೇ ನಡೆಯಿತಂತೆ. ಐದು ಊರಿನ ಬದಲು ಪಾಂಡವರು ಈ ಸಲ ಕ್ವಿಂಟಾಲಿಗೆ ಐದು ಸಾವಿರ ಹೆಚ್ಚು ಕೇಳಿದರು. ಶಕುನಿ, ಕೊಡಬೇಡ ಎನ್ನಲಿಲ್ಲವಂತೆ.

ಅದೇ ಬೇಸಿಗೆಯಲ್ಲಿ ಕಿತ್ತ ಕಾಯಿಯನ್ನು ಎಂದಿನಂತೆ ಮಾವನೇ ಮುಂದೆ ನಿಂತು ಅಟ್ಟಕ್ಕೆ ಹಾಕಿಸಿದರು. ಅವು ಒಣಗಿ ಗಟಗಟ ಎನ್ನುವ ಹೊತ್ತಿಗೆ ಅವರಿರಲಿಲ್ಲ. 2025ರಲ್ಲಿ ದರ 20,000 ದಾಟಿತು. ಅತ್ತೆ ಅಟ್ಟ ಇಳಿಸಿದರು, ಆಳುಗಳಿಗೆ ಕೂಲಿ ಹೆಚ್ಚಿಸಿ ಕೊಟ್ಟರು, ಚೀಲಗಳ ಲೆಕ್ಕ ತಾವೇ ಬರೆದುಕೊಂಡರು. ದುಡ್ಡು ಕೈಗೆ ಬಂದ ದಿನ ಮಾವನ ಫೋಟೋದ ಕಡೆ ತಿರುಗಿ, "ನಿಮ್ಮ ದಾಳ ಹತ್ತೊಂಬತ್ತು ವರ್ಷ ತಡವಾಗಿ ಬಿತ್ತು" ಎಂದರು. ಸಂಧಾನದ ಆ ರಾತ್ರಿಯ ಮಾತನ್ನು ಅವರು ಇಷ್ಟು ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಆ ದುಡ್ಡಿನಲ್ಲಿ ಕೊಟ್ಟಿಗೆಗೆ ಹೊಸ ಶೀಟು ಹಾಕಿಸಿ, ತಮಗೆ ಒಂದು ಜೊತೆ ಓಲೆ ಮಾಡಿಸಿಕೊಂಡರು. ಯಾರನ್ನೂ ಕೇಳಲಿಲ್ಲ.

ಈ ವರ್ಷ ಊರಿನಲ್ಲಿ ಮತ್ತೆ ಕುರುಕ್ಷೇತ್ರವಂತೆ. ಕಳೆದ ವರ್ಷ ಮಾವನ ಸಲುವಾಗಿ ಆಡಿರಲಿಲ್ಲ. ಪಾತ್ರಗಳೆಲ್ಲ ಹೋಗಿವೆ, ಶಕುನಿ ಮಾತ್ರ ಉಳಿದಿದ್ದಾನೆ; ಯಾರೂ ಕೇಳುವ ಧೈರ್ಯ ಮಾಡಿಲ್ಲ. ಹಾರ್ಮೋನಿಯಂ ಮೇಷ್ಟ್ರು ಹೋದ ಭಾನುವಾರ ಮನೆಗೇ ಬಂದು ಕಾಫಿ ಕುಡಿದು, ಐದು ಸಾವಿರ, ನಿಮ್ಮ ಮನೆಯವರಿಗಾದರೆ ನಾಲ್ಕು ಎಂದು ಹೇಳಿ ಹೋದರು. ವಸಂತನರಸಾಪುರದ ಕಾರ್ಖಾನೆಯಿಂದ ವಾರಕ್ಕೊಮ್ಮೆ ಊರಿಗೆ ಬರುವ, ಸಭೆಯಲ್ಲಿ ತನ್ನ ಹೆಸರು ಹೇಳಲೂ ನಾಚುವ ನನ್ನ ಗಂಡ, ಮೇಷ್ಟ್ರು ಹೋದ ಮೇಲೆ ಬಹಳ ಹೊತ್ತು ಲೋಟ ತಿರುಗಿಸುತ್ತ ಕುಳಿತಿದ್ದು, "ಅಮ್ಮ, ನಾಲ್ಕು ಸಾವಿರ ಕೊಡಲೇ?" ಎಂದರು.

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕೊಡು. ಆದರೆ ತಾಲೀಮು ಮುಗಿಸಿ ರಾತ್ರಿ ಹನ್ನೆರಡಕ್ಕೆ ಜನ ಕಟ್ಟಿಕೊಂಡು ಬಂದರೆ, ಕೌರವರಿಗೂ ಪಾಂಡವರಿಗೂ ಮುದ್ದೆ ನೀನೇ ತೊಳಸಬೇಕು."